ಅರವತ್ತಮೂರು ಪರೀಕ್ಷೆ, ಒಬ್ಬ ಟೆಕ್ನಿಷಿಯನ್

ಚಳಿಗಾಲ ಬಂತೆಂದರೆ ಜವಳಗಿರಿ, ಡೆಂಕಣಿಕೋಟೆ ಕಡೆಯ ಕಾಡಿನಿಂದ ಆನೆಗಳ ಹಿಂಡು ಸಾನಮಾವಿನ ಕಾಡಿಗೆ ಇಳಿಯುತ್ತದೆ. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯ ಆಸುಪಾಸಿನ ಊರುಗಳಲ್ಲಿ ಆಗ ಅರಣ್ಯ ಇಲಾಖೆಯವರು ಎಚ್ಚರಿಕೆ ಕೊಟ್ಟು ಹೋಗುತ್ತಾರೆ. ನಸುಕಿನಲ್ಲಿ ಒಬ್ಬೊಬ್ಬರೇ ಹೊರಗೆ ಬರಬೇಡಿ, ರಾಗಿ ಹೊಲದ ಕಡೆ ಹೋಗಬೇಡಿ ಎನ್ನುತ್ತಾರೆ. ಅದೇ ಊರಿನ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಹೇಳುವುದು ಬೇರೆ. ಬೆಳಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಕೊಡಿ. ಆನೆಯ ಭಯ, ಬಸ್ಸಿನ ವೇಳೆ, ಹೋದ ದಿನದ ಕೂಲಿ, ಇವನ್ನೆಲ್ಲ ದಾಟಿ ಆಸ್ಪತ್ರೆ ಮುಟ್ಟಿದವರಿಗೆ ಲ್ಯಾಬಿನ ಬಾಗಿಲಲ್ಲಿ ‘ಇವತ್ತು ಲ್ಯಾಬಿನವರು ಬೇರೆ ಕಡೆ ಡ್ಯೂಟಿ’ ಎಂಬ ಉತ್ತರ ಸಿಕ್ಕರೆ, ಅವರು ಮತ್ತೆ ಬರುವುದು ಕಾಯಿಲೆ ಬಲಿತ ಮೇಲೆಯೇ.

ಆ ಬೇರೆ ಕಡೆಯ ಡ್ಯೂಟಿಯ ಹಿಂದೆ ಎಪ್ಪತ್ತು ವರ್ಷದ ಕಥೆಯಿದೆ. ಡಾಕ್ಟರ ಕೊರತೆಯ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ನರ್ಸುಗಳ ಮುಷ್ಕರ ಸುದ್ದಿಯಾಗುತ್ತದೆ. ಲ್ಯಾಬ್ ಟೆಕ್ನಿಷಿಯನ್ ಮಾತ್ರ ಗೋಡೆಯಾಚೆ ಕೂತು ಕೆಲಸ ಮಾಡುವವನು, ಮಾಡುವವಳು. ರೋಗಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. ಆದರೆ ಡಾಕ್ಟರು ಬರೆಯುವ ಚೀಟಿ ಬಹಳ ಸಲ ಅವರು ಕೊಟ್ಟ ಅಂಕಿಯ ಮೇಲೆ ನಿಂತಿರುತ್ತದೆ. ಅವರ ಸಂಖ್ಯೆ ಏಕೆ ಸಾಲದು, ಸಂಬಳ ಏಕೆ ಏರದು, ಇದಕ್ಕೆ ಪರಿಹಾರವೆಂದು ಯಾರು ಯಾರು ಏನೇನು ಹೇಳುತ್ತಾ ಬಂದಿದ್ದಾರೆ ಎಂಬುದನ್ನು ಹೊಸೂರು ಸೀಮೆಯಲ್ಲಿ ನಿಂತು ನೋಡುವ ಪ್ರಯತ್ನ ಇದು.

ಕೊರತೆ ಯಾವುದರದು?

ಮೊದಲ ತೊಡಕು ‘ಕೊರತೆ’ ಎಂಬ ಪದದಲ್ಲೇ ಇದೆ. ಸರ್ಕಾರಿ ಕಡತದಲ್ಲಿ ಕೊರತೆಯೆಂದರೆ ಮಂಜೂರಾದ ಹುದ್ದೆಗಳಲ್ಲಿ ಭರ್ತಿಯಾಗದೆ ಉಳಿದವು. ಹುದ್ದೆಯೇ ಮಂಜೂರಾಗದ ಕಡೆ ಕೆಲಸ ಎಷ್ಟೇ ಇದ್ದರೂ ಕಡತದ ಪ್ರಕಾರ ಅಲ್ಲಿ ಕೊರತೆ ಇಲ್ಲ. ಖಾಸಗಿ ಲ್ಯಾಬಿನ ಮಾಲೀಕರು ಕೊರತೆ ಎನ್ನುವುದು ಬಂದವರು ಆರು ತಿಂಗಳೂ ನಿಲ್ಲದಿರುವುದಕ್ಕೆ. ಇನ್ನೊಂದು ಕಡೆ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಕೆಲಸವಿಲ್ಲ ಎನ್ನುತ್ತಾರೆ. ಹೊಸೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಶಿಫ್ಟಿನ ಕಾರ್ಖಾನೆ ಬಸ್ಸಿಗೆ ಕಾಯುವವರ ನಡುವೆ ಲ್ಯಾಬ್ ಕೋರ್ಸ್ ಓದಿದವರೂ ಇರುತ್ತಾರೆ. ಖಾಲಿ ಕುರ್ಚಿ, ಖಾಲಿ ಕೈ ಎರಡೂ ಒಂದೇ ತಾಲ್ಲೂಕಿನಲ್ಲಿ ಇರುವಾಗ ಇದು ಜನರ ಕೊರತೆಯಲ್ಲ, ಜನರನ್ನು ಕುರ್ಚಿಗೆ ಕರೆತರುವ ಸಂಬಳದ, ಭದ್ರತೆಯ ಕೊರತೆ ಎಂಬುದು ನನ್ನ ತಿಳಿವಳಿಕೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಒಪ್ಪದವರ ಮಾತಿಗೂ ತೂಕವಿದೆ.

ಸ್ಲೈಡಿನಿಂದ ಹುಟ್ಟಿದ ಹುದ್ದೆ

ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯೋಗಶಾಲೆ ಎಂಬುದು ದೊಡ್ಡ ಊರಿನ ದೊಡ್ಡ ಕಟ್ಟಡದ ವಿಷಯವಾಗಿತ್ತು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ 1899ರಲ್ಲಿ ಶುರುವಾಯಿತು, ಕೂನೂರಿನ ಪಾಸ್ಚರ್ ಸಂಸ್ಥೆ 1907ರಲ್ಲಿ. ಹಳ್ಳಿಯ ಜನಕ್ಕೆ ಇವೆರಡೂ ದೂರವೇ. ಸೂಕ್ಷ್ಮದರ್ಶಕವನ್ನು ಹಳ್ಳಿಯ ಸಮೀಪಕ್ಕೆ ತಂದದ್ದು ಮಲೇರಿಯಾ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪನ ತರುವವರು ಕೆಲವರಾದರೆ, ಆ ಸಾವಿರಾರು ಸ್ಲೈಡುಗಳನ್ನು ಒಂದೊಂದಾಗಿ ನೋಡಲು ಕಣ್ಣು ಬೇಕಾಯಿತು. ಆ ಕಣ್ಣಿನ ಕೆಲಸವೇ ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ದಾರಿಯಾಯಿತು.

ಎರಡನೆಯ ಹೆಜ್ಜೆ ಕ್ಷಯದ್ದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಎಕ್ಸ್‌ರೇ ಯಂತ್ರ ಇಲ್ಲದ ಕಡೆಯೂ ಕಫ ಪರೀಕ್ಷೆಯಿಂದ ರೋಗ ಹಿಡಿಯಬಹುದು, ಅದನ್ನು ತಾಲ್ಲೂಕು ಮಟ್ಟದ ಸಾಮಾನ್ಯ ಸಿಬ್ಬಂದಿಯೇ ಮಾಡಬಹುದು ಎಂಬ ವಿಚಾರ ಬೆಳೆದದ್ದು ಅಲ್ಲಿ ನಡೆದ ಕೆಲಸದಿಂದ. ಆಮೇಲೆ 1973ರ ಕರ್ತಾರ್ ಸಿಂಗ್ ಸಮಿತಿ ಬೇರೆ ಬೇರೆ ರೋಗ ಕಾರ್ಯಕ್ರಮಗಳ ಕ್ಷೇತ್ರ ಸಿಬ್ಬಂದಿಯನ್ನು ಬಹೂದ್ದೇಶ ಕಾರ್ಯಕರ್ತರಾಗಿ ಒಂದುಗೂಡಿಸಲು ಹೇಳಿತು. ಲ್ಯಾಬಿನೊಳಗೂ ಅದೇ ಗಾಳಿ ಬೀಸಿತು. ಮಲೇರಿಯಾ ಸ್ಲೈಡು ನೋಡುವವರೇ ಕಫದ ಸ್ಲೈಡನ್ನೂ ನೋಡಬೇಕು, ಗರ್ಭಿಣಿಯರ ಹಿಮೋಗ್ಲೋಬಿನ್ನನ್ನೂ ಮೂತ್ರವನ್ನೂ ನೋಡಬೇಕು. ಕೆಲಸಗಳು ಒಂದರ ಮೇಲೊಂದು ಬಂದು ಕೂತವು. ಕುರ್ಚಿ ಒಂದೇ ಉಳಿಯಿತು.

1997ರಿಂದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮ ಹಂತಹಂತವಾಗಿ ಹರಡಿ 2006ಕ್ಕೆ ದೇಶವನ್ನೆಲ್ಲ ಮುಟ್ಟಿತು. ಒಂದು ಲಕ್ಷ ಜನಕ್ಕೊಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 50,000 ಜನಕ್ಕೊಂದು ಸೂಕ್ಷ್ಮದರ್ಶಕ ಕೇಂದ್ರ ಬೇಕೆಂದು ಅದು ಲೆಕ್ಕ ಹಾಕಿತು. ಗುತ್ತಿಗೆ ಟೆಕ್ನಿಷಿಯನ್ ಎಂಬ ಬಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಇಂಥ ಯೋಜನೆಗಳ ಜೊತೆಯಲ್ಲೇ. ಯೋಜನೆಯ ಹಣ ಇರುವ ತನಕ ಕೆಲಸ, ಪ್ರತಿ ವರ್ಷ ನವೀಕರಣ, ಒಟ್ಟು ಸಂಬಳ.

ನಿಜವಾದ ಭಾರ ಬಂದದ್ದು ಕಳೆದ ಹತ್ತು ವರ್ಷಗಳಲ್ಲಿ. ರಾಷ್ಟ್ರೀಯ ಆರೋಗ್ಯ ಅಭಿಯಾನ 2015ರಲ್ಲಿ ಉಚಿತ ಪರೀಕ್ಷಾ ಸೇವೆಯನ್ನು ಆರಂಭಿಸಿತು. 2019ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಗತ್ಯ ಪರೀಕ್ಷೆಗಳ ರಾಷ್ಟ್ರೀಯ ಪಟ್ಟಿ ಹೊರತಂದಿತು. ವಿಸ್ತರಿಸಿದ ಯೋಜನೆಯಲ್ಲಿ ಉಪಕೇಂದ್ರಕ್ಕೆ 14, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63, ಸಮುದಾಯ ಆರೋಗ್ಯ ಕೇಂದ್ರಕ್ಕೆ 97, ತಾಲ್ಲೂಕು ಮಟ್ಟದ ಆಸ್ಪತ್ರೆಗೆ 111, ಜಿಲ್ಲಾ ಆಸ್ಪತ್ರೆಗೆ 134 ಬಗೆಯ ಪರೀಕ್ಷೆಗಳೆಂದು ಗುರಿ ಇಟ್ಟರು. ಒಳ್ಳೆಯ ಗುರಿ. ಬಡವರ ಜೇಬಿನಿಂದ ಔಷಧದ ಜೊತೆಗೆ ಪರೀಕ್ಷೆಗೂ ಹಣ ಸೋರುತ್ತದೆ. ಆದರೆ 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವಶ್ಯವೆಂದು ಹೇಳಿದ್ದು ಒಬ್ಬ ಟೆಕ್ನಿಷಿಯನ್. ಅರವತ್ತಮೂರು ಪರೀಕ್ಷೆಯ ಮುಂದೆಯೂ ನಿಂತಿರುವುದು ಹೆಚ್ಚಿನ ಕಡೆ ಅದೇ ಒಬ್ಬರು, ಅವರೂ ಇದ್ದರೆ.

ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆಗೆ ಈ ಕಥೆಯಲ್ಲಿ ವಿಶೇಷ ಸ್ಥಾನವಿದೆ. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರೆಯಾದ ಜಿಲ್ಲೆ ಇದು. ಮನೆ ಬಾಗಿಲಿಗೇ ಬಿ.ಪಿ., ಸಕ್ಕರೆ ತಪಾಸಣೆ ಮತ್ತು ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಆರಂಭಿಸಿದ್ದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮರುವರ್ಷ ಜನವರಿ 12ರಂದು ಕೃಷ್ಣಗಿರಿ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಎರಡೂ ಜನಕ್ಕೆ ಬೇಕಾದವು. ಮನೆ ಬಾಗಿಲಲ್ಲಿ ಗ್ಲೂಕೋಮೀಟರ್ 280 ತೋರಿಸಿದ ಮೇಲೆ ಆ ವ್ಯಕ್ತಿಗೆ ಮೂರು ತಿಂಗಳ ಸರಾಸರಿ ಸಕ್ಕರೆ ನೋಡಬೇಕು, ಕ್ರಿಯಾಟಿನಿನ್ ನೋಡಬೇಕು, ಕೊಬ್ಬು ನೋಡಬೇಕು, ವರ್ಷವರ್ಷವೂ ನೋಡುತ್ತಿರಬೇಕು. ಬಾಗಿಲು ತಟ್ಟಿದ ಪ್ರತಿ ಮನೆಯೂ ಲ್ಯಾಬಿನ ಸರತಿಯನ್ನು ಉದ್ದ ಮಾಡುತ್ತದೆ. ಯೋಜನೆ ಬರೆಯುವಾಗ ಬಾಗಿಲು ತಟ್ಟುವವರನ್ನು ಎಣಿಸುತ್ತಾರೆ, ಸರತಿಯ ಆ ತುದಿಯಲ್ಲಿ ಕೂತವರನ್ನು ಅದೇ ಕಾಳಜಿಯಿಂದ ಎಣಿಸುವುದಿಲ್ಲ.

ಕಾಯಂ ಮಾಡಿ ಎನ್ನುವವರು

ಪರಿಹಾರದ ಮಾತಿಗೆ ಬಂದರೆ ಅತಿ ಹಳೆಯ, ಅತಿ ಗಟ್ಟಿ ದನಿ ನೌಕರರ ಸಂಘಗಳದು. ಖಾಲಿ ಹುದ್ದೆ ತುಂಬಿ, ಗುತ್ತಿಗೆಯವರನ್ನು ಕಾಯಂ ಮಾಡಿ, ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ. ಒಂದೇ ಮೇಜಿನ ಎರಡು ಬದಿಯಲ್ಲಿ ಇಬ್ಬರು ಟೆಕ್ನಿಷಿಯನ್ನರು ಕೂತಿರುತ್ತಾರೆ. ಅದೇ ಸೆಂಟ್ರಿಫ್ಯೂಜು, ಅದೇ ಸೂಜಿ, ಅದೇ ಸೋಂಕಿನ ಅಪಾಯ. ಒಬ್ಬರಿಗೆ ವೇತನಶ್ರೇಣಿ, ಭವಿಷ್ಯನಿಧಿ, ಹೆರಿಗೆ ರಜೆ. ಇನ್ನೊಬ್ಬರಿಗೆ ಅದರ ಒಂದು ಪಾಲು. ಈ ದೃಶ್ಯಕ್ಕೆ ವಿವರಣೆ ಬೇಕಿಲ್ಲ.

ಈ ವಾದದ ಕಾನೂನು ಇತಿಹಾಸ ಬಹಳ ಮಟ್ಟಿಗೆ ಕರ್ನಾಟಕದ್ದೇ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ ದಾರಿ ತೆರೆಯಿತು. 2006ರ ಏಪ್ರಿಲ್ 10ರಂದು ಬಂದ ಉಮಾದೇವಿ ಪ್ರಕರಣದ ತೀರ್ಪು ಆ ಬಾಗಿಲನ್ನು ಬಹುತೇಕ ಮುಚ್ಚಿತು. ಅದೂ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರಿಂದ ಎದ್ದ ಮೊಕದ್ದಮೆ. ನಿಯಮದಂತೆ ಸ್ಪರ್ಧೆಯಿಂದ ಬಾರದವರನ್ನು ಕಾಯಂ ಮಾಡುವುದು ಉಳಿದ ಅರ್ಹರ ಅವಕಾಶ ಕಸಿದಂತೆ ಎಂದು ಸಂವಿಧಾನ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಬಾರಿಯ ವಿನಾಯಿತಿ ಕೊಟ್ಟಿತು. ಆಮೇಲೆ ಇಡೀ ದೇಶದ ಇಲಾಖೆಗಳು ಗುತ್ತಿಗೆಯವರ ಅರ್ಜಿ ಬಂದಾಗಲೆಲ್ಲ ಉಮಾದೇವಿ ತೀರ್ಪನ್ನೇ ಮುಂದಿಟ್ಟವು. 2016ರ ಜಗಜೀತ್ ಸಿಂಗ್ ತೀರ್ಪು ಹಂಗಾಮಿ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದಿತು. 2024ರ ಡಿಸೆಂಬರ್‌ನ ಜಗ್ಗೋ ತೀರ್ಪು, ದೀರ್ಘಕಾಲ ದುಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿಯಾಗಿ ಹಿಡಿಯುವುದು ಸಲ್ಲದು ಎಂದಿತು. ಮೂವತ್ತೈದು ವರ್ಷದಲ್ಲಿ ಕಾನೂನು ಒಂದು ಸುತ್ತು ಹಾಕಿದೆ. ಗುತ್ತಿಗೆಯವರ ನವೀಕರಣದ ಕಾಗದ ಮಾತ್ರ ಪ್ರತಿ ಮಾರ್ಚ್‌ನಲ್ಲಿ ಹಾಗೆಯೇ ಬರುತ್ತಿದೆ.

ಈ ಸಿಟ್ಟು ಬೀದಿಗೂ ಬಂದಿದೆ. ತಮಿಳುನಾಡಿನ ವೈದ್ಯಕೀಯ ಸೇವಾ ನೇಮಕಾತಿ ಮಂಡಳಿ 2015ರಲ್ಲಿ ತಿಂಗಳಿಗೆ ₹7,700 ಒಟ್ಟು ಸಂಬಳಕ್ಕೆ ತೆಗೆದುಕೊಂಡ ನರ್ಸುಗಳು 2017ರಲ್ಲಿ ಚೆನ್ನೈಯಲ್ಲಿ ಧರಣಿ ಕೂತರು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಮುಷ್ಕರ ಹೂಡಿದರು.

ಶ್ರೇಣಿ ಸಿಕ್ಕವರಲ್ಲೂ ಒಂದು ನೋವು ಇದೆ. ರೈಲ್ವೆಯ 2024ರ ಪ್ಯಾರಾಮೆಡಿಕಲ್ ನೇಮಕಾತಿಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟರ ಆರಂಭಿಕ ಮೂಲವೇತನ ₹44,900, ಲ್ಯಾಬ್ ಸೂಪರಿಂಟೆಂಡೆಂಟರದು ₹35,400, ಲ್ಯಾಬ್ ಸಹಾಯಕರದು ₹21,700. ನರ್ಸುಗಳಿಗೆ ಹೆಚ್ಚಾಯಿತೆಂದು ಯಾರೂ ಹೇಳುತ್ತಿಲ್ಲ, ಅವರ ಪಾಡೂ ಕಷ್ಟದ್ದೇ. ಆದರೆ ನರ್ಸುಗಳಿಗೆ 1947ರ ಕಾಯ್ದೆಯಿಂದ ಒಂದು ಪರಿಷತ್ತು ಇದೆ, ನೋಂದಣಿ ಇದೆ, ಸಂಘಟನೆಯ ಬಲವಿದೆ. ಲ್ಯಾಬಿನವರಿಗೆ ಇದಾವುದೂ ಇರಲಿಲ್ಲ. ಎರಡನೆಯ ವಾದ ಇಲ್ಲಿಂದ ಹೊರಡುತ್ತದೆ.

ಸರ್ಟಿಫಿಕೇಟಿನ ತೂಕ

ವೃತ್ತಿಗೆ ಗೌರವ ಇಲ್ಲದೆ ಸಂಬಳ ಬಾರದು, ನೋಂದಣಿ ಇಲ್ಲದೆ ಗೌರವ ಬಾರದು ಎನ್ನುವವರು ಇವರು. ಒಂದು ವರ್ಷದ ಸರ್ಟಿಫಿಕೇಟು, ಎರಡು ವರ್ಷದ ಡಿಪ್ಲೊಮಾ, ಮೂರು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡುವ ಬಿ.ಎಸ್ಸಿ., ಇವರೆಲ್ಲ ಒಂದೇ ಹೆಸರಿನಲ್ಲಿ ಒಂದೇ ಕೆಲಸಕ್ಕೆ ಬರುತ್ತಾರೆ. ಏನೂ ಓದದೆ ಲ್ಯಾಬಿನಲ್ಲೇ ಕೈಕೆಲಸ ಕಲಿತವರೂ ಇದ್ದಾರೆ. ಬೆಲೆ ಕಟ್ಟುವಾಗ ಮಾಲೀಕ ಅತಿ ಕಡಿಮೆಗೆ ಸಿಗುವವರ ಸಂಬಳವನ್ನೇ ಎಲ್ಲರ ಸಂಬಳ ಮಾಡುತ್ತಾನೆ.

2021ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಈ ಗೊಂದಲಕ್ಕೆ ಉತ್ತರವಾಗಿ ಬಂತು. ಕನಿಷ್ಠ 2,000 ಗಂಟೆಯ ಓದು, ರಾಜ್ಯ ಮಟ್ಟದ ಪರಿಷತ್ತು, ವೃತ್ತಿಪರರ ನೋಂದಣಿ ಪುಸ್ತಕ ಇದರಲ್ಲಿವೆ. ವೈದ್ಯಕೀಯ ಪ್ರಯೋಗಶಾಲೆಯವರು ಅದರ ಅನುಸೂಚಿಯ ಮೊದಲ ಗುಂಪಿನಲ್ಲೇ ಇದ್ದಾರೆ. ಕಾಯ್ದೆ ಬಂದು ಮೂರು ವರ್ಷ ಕಳೆದರೂ ಹೆಚ್ಚಿನ ರಾಜ್ಯಗಳು ಪರಿಷತ್ತು ರಚಿಸಲಿಲ್ಲ. ಟೆಕ್ನಾಲಜಿಸ್ಟರ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಆಗಸ್ಟ್ 12ರಂದು ಕೋರ್ಟು ಎರಡು ತಿಂಗಳ ಗಡುವು ಹಾಕಬೇಕಾಯಿತು.

ಈ ವಾದ ಸಂಬಳ ಏಕೆ ಕೆಳಗಿದೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ಕೊರತೆ ಹೇಗೆ ತೀರುತ್ತದೆ ಎಂಬುದಕ್ಕೆ ಇದರ ಬಳಿ ಅಷ್ಟು ಉತ್ತರವಿಲ್ಲ. ಬಾಗಿಲು ಎತ್ತರಿಸಿದರೆ ಒಳಗೆ ಬರುವವರು ಮೊದಲಿಗೆ ಕಡಿಮೆಯೇ ಆಗುತ್ತಾರೆ. ತಮಿಳುನಾಡು ಮೂರನೇ ದರ್ಜೆಯ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಒಂದು ವರ್ಷದ ಸರ್ಟಿಫಿಕೇಟನ್ನು ಒಪ್ಪಿಕೊಂಡು ಬಂದಿದೆ. ಹಳ್ಳಿಯ ಬಡ ಮನೆಯ ಹೆಣ್ಣುಮಕ್ಕಳು ಈ ವೃತ್ತಿಗೆ ಬಂದದ್ದು ಆ ಒಂದು ವರ್ಷದ ಸಣ್ಣ ಬಾಗಿಲಿನಿಂದ. ಅದನ್ನು ಮುಚ್ಚುವವರು ಎರಡು ವರ್ಷದ ಓದಿಗೆ ವಿದ್ಯಾರ್ಥಿವೇತನವನ್ನೂ ಹಿಂದೆಯೇ ತರಬೇಕು.

ಸ್ಯಾಂಪಲ್ಲು ಪ್ರಯಾಣ ಮಾಡಲಿ

ಮೂರನೆಯವರು ಆಡಳಿತದ ಜನ, ಲೆಕ್ಕದ ಜನ. ಪ್ರತಿ ಕೇಂದ್ರಕ್ಕೂ ಟೆಕ್ನಿಷಿಯನ್, ಪ್ರತಿ ಕೇಂದ್ರಕ್ಕೂ ಯಂತ್ರ ಏಕೆ ಎಂಬುದು ಇವರ ಪ್ರಶ್ನೆ. ಹಳ್ಳಿಯಲ್ಲಿ ರಕ್ತ ತೆಗೆಯಿರಿ, ಪೆಟ್ಟಿಗೆಯಲ್ಲಿ ಐಸಿಟ್ಟು ಜಿಲ್ಲೆಯ ದೊಡ್ಡ ಲ್ಯಾಬಿಗೆ ಕಳಿಸಿ, ಅಲ್ಲಿ ದೊಡ್ಡ ಯಂತ್ರ ಗಂಟೆಗೆ ನೂರಾರು ಪರೀಕ್ಷೆ ಮಾಡುತ್ತದೆ, ವರದಿ ಮೊಬೈಲಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಲ್ಯಾಬ್ ಸೇವೆ ಕುರಿತ ಕಾರ್ಟರ್ ವರದಿಗಳು 2006 ಮತ್ತು 2008ರಲ್ಲಿ ಇದನ್ನೇ ಹೇಳಿದವು; 2017ರಲ್ಲಿ ಅಲ್ಲಿನ ಆಸ್ಪತ್ರೆ ಲ್ಯಾಬುಗಳನ್ನು 29 ಜಾಲಗಳಾಗಿ ಸೇರಿಸುವ ಯೋಜನೆ ಬಂತು. ನಮ್ಮ ಪಕ್ಕದಲ್ಲೇ ಎರಡು ದಾರಿಗಳಿವೆ. ಕೃಷ್ಣಗಿರಿಗೆ ಅಂಟಿಕೊಂಡ ಆಂಧ್ರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಪರೀಕ್ಷೆಯನ್ನು ಖಾಸಗಿ ಸಂಸ್ಥೆಗೆ ವಹಿಸಿತು. ತೆಲಂಗಾಣ 2018ರಿಂದ ಸರ್ಕಾರವೇ ನಡೆಸುವ ಕೇಂದ್ರ ಲ್ಯಾಬುಗಳನ್ನು ಕಟ್ಟಿತು.

ಅಪರೂಪದ ಪರೀಕ್ಷೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಥೈರಾಯ್ಡ್ ಪರೀಕ್ಷೆಯ ಯಂತ್ರವನ್ನು ಪ್ರತಿ ಹಳ್ಳಿಯಲ್ಲಿ ಇಟ್ಟರೆ ರೀಏಜೆಂಟು ಅವಧಿ ಮುಗಿದು ಹಾಳಾಗುತ್ತದೆ. ಆದರೆ ರಕ್ತ ಪ್ರಯಾಣಕ್ಕೆ ಹೆದರುತ್ತದೆ. ಸಕ್ಕರೆಗೆಂದು ತೆಗೆದ ರಕ್ತವನ್ನು ಫ್ಲೋರೈಡ್ ಇಲ್ಲದ ಕೊಳವೆಯಲ್ಲಿ ಹಾಗೆಯೇ ಬಿಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗಂಟೆಗೂ ಅಂಕಿ ಇಳಿಯುತ್ತದೆ. ಕಣಗಳು ಒಡೆದರೆ ಪೊಟ್ಯಾಸಿಯಂ ಏರಿದಂತೆ ಕಾಣುತ್ತದೆ. ಸರಿಯಾದ ಕೊಳವೆ ಹಿಡಿಯಲು, ಹೊತ್ತಿಗೆ ಸರಿಯಾಗಿ ತಿರುಗಿಸಿ ಬೇರ್ಪಡಿಸಲು, ಹೆಸರು ಅದಲುಬದಲಾಗದಂತೆ ನೋಡಲು ಹಳ್ಳಿಯ ತುದಿಯಲ್ಲೂ ತಿಳಿದವರು ಬೇಕು. ಕೇಂದ್ರ ಲ್ಯಾಬಿನ ಲೆಕ್ಕದಲ್ಲಿ ಉಳಿತಾಯ ಕಾಣುವುದು ಆ ತುದಿಯಲ್ಲಿ ಕೂತವರನ್ನು ಬರೀ ರಕ್ತ ತೆಗೆಯುವವರೆಂದು ಕಡಿಮೆ ಸಂಬಳಕ್ಕೆ ಇಳಿಸಿದಾಗ. ತಪ್ಪುಗಳು ಹೆಚ್ಚಾಗಿ ಹುಟ್ಟುವುದೂ ಅದೇ ತುದಿಯಲ್ಲಿ.

ಇದೇ ಗುಂಪಿನ ಇನ್ನೊಂದು ಕವಲು ಸಣ್ಣ ಯಂತ್ರಗಳನ್ನು ನೆಚ್ಚುತ್ತದೆ. ಮಲೇರಿಯಾದ ಪಟ್ಟಿ ಪರೀಕ್ಷೆಯನ್ನು ಆಶಾ ಕಾರ್ಯಕರ್ತೆಯೇ ಮಾಡುತ್ತಾಳೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಕ್ಷಯದ ಆಣ್ವಿಕ ಪರೀಕ್ಷೆಯನ್ನು ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಯೊಳಗೆ ತಂದಿತು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು. ಕೋವಿಡ್ ಕಾಲದಲ್ಲಿ ಇಂಥವು ಜೀವ ಉಳಿಸಿದವು. ಆದರೂ ಪೆಟ್ಟಿಗೆಗೆ ಕಫ ತುಂಬುವ, ಕಂಟ್ರೋಲ್ ಓಡಿಸುವ, ಕೊಟ್ಟ ಫಲಿತಾಂಶ ಅನುಮಾನ ಎನಿಸಿದಾಗ ಮತ್ತೆ ಮಾಡುವ ಒಬ್ಬರು ಬೇಕೇ ಬೇಕು.

ಖಾಸಗಿ ಲ್ಯಾಬಿನ ಲೆಕ್ಕ

ಈ ವೃತ್ತಿಯ ಬಹಳ ಜನ ದುಡಿಯುವುದು ಖಾಸಗಿಯಲ್ಲಿ. ರಾಯಕೋಟೆ, ಶೂಳಗಿರಿ, ಬಾಗಲೂರಿನಂಥ ಊರಿನ ಸಣ್ಣ ಲ್ಯಾಬನ್ನು ಎಷ್ಟೋ ಕಡೆ ಟೆಕ್ನಿಷಿಯನ್ನೇ ಸಾಲ ಮಾಡಿ ಇಟ್ಟಿರುತ್ತಾರೆ. 2017ರ ಡಿಸೆಂಬರ್ 12ರಂದು ಗುಜರಾತಿನ ಲ್ಯಾಬ್ ಮಾಲೀಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವರದಿಗೆ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದಿತು. ರೋಗಿಯ ಹಿತದಿಂದ ಸರಿಯಾದ ಮಾತು. ಹಳ್ಳಿ ಪೇಟೆಗೆ ಅಂಥ ವೈದ್ಯರು ಬರುವುದು ಕಷ್ಟವಾದ್ದರಿಂದ ಕಾಣದ ವೈದ್ಯರ ಸಹಿಗೆ ತಿಂಗಳ ಬಾಡಿಗೆ ಕೊಡುವ ರೂಢಿ ಕೆಲವೆಡೆ ಬೆಳೆಯಿತು. ಆ ಹಣ ಹೋಗುವುದು ಟೆಕ್ನಿಷಿಯನ್ ಪಾಲಿನಿಂದ.

ಅದಕ್ಕಿಂತ ದೊಡ್ಡ ಸೋರಿಕೆ ಕಮಿಷನ್. ರೋಗಿಯನ್ನು ಕಳಿಸಿದ್ದಕ್ಕೆ ಹಣ ಕೊಡುವುದು, ಪಡೆಯುವುದು ವೈದ್ಯರ 2002ರ ನೀತಿ ಸಂಹಿತೆಯಲ್ಲೇ ನಿಷಿದ್ಧ. ಆದರೂ ಅದು ನಡೆಯುತ್ತದೆ ಎಂಬುದು ಪೇಟೆಯ ಔಷಧದಂಗಡಿಯವನಿಗೂ ಗೊತ್ತು. ಜೊತೆಗೆ ಎಪ್ಪತ್ತು ಎಂಬತ್ತು ಪರೀಕ್ಷೆಗಳನ್ನು ಒಂದು ಪ್ಯಾಕೇಜಾಗಿ ಕಟ್ಟಿ ಅಗ್ಗಕ್ಕೆ ಮಾರುವ ದೊಡ್ಡ ಕಂಪನಿಗಳ ಪೈಪೋಟಿ. ರೀಏಜೆಂಟಿನ ಬೆಲೆ ಇಳಿಸಲಾಗದು, ಯಂತ್ರದ ಕಂತು ಇಳಿಸಲಾಗದು, ಕಮಿಷನ್ ಇಳಿಸಿದರೆ ರೋಗಿ ಬಾರರು. ಇಳಿಸಲು ಉಳಿಯುವುದು ಸಂಬಳ ಒಂದೇ. ಮಾರುಕಟ್ಟೆಯೇ ಸಂಬಳ ನಿರ್ಧರಿಸಲಿ, ಕೊರತೆಯಾದರೆ ತಾನೇ ಏರುತ್ತದೆ ಎನ್ನುವ ನಾಲ್ಕನೆಯ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಇಲ್ಲಿ ಗಿರಾಕಿಗೆ ಸರಕಿನ ಗುಣ ಕಾಣುವುದಿಲ್ಲ. ತಪ್ಪು ವರದಿಯೂ ಸರಿ ವರದಿಯೂ ಒಂದೇ ಬಣ್ಣದ ಕಾಗದದಲ್ಲಿ ಬರುತ್ತವೆ. ಗುಣ ಕಾಣದ ಸರಕಿನಲ್ಲಿ ಒಳ್ಳೆಯ ಕೆಲಸಗಾರರಿಗೆ ಮಾರುಕಟ್ಟೆ ಹೆಚ್ಚು ಕೊಡಲು ಕಾರಣವೇ ಇಲ್ಲ.

ಗಡಿಯಲ್ಲಿ ನಿಂತವರು

ಮೇಲಿನ ವಾದಗಳೆಲ್ಲ ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಮಾಡಿದವು. ಹೊಸೂರಿಗೆ ಬಂದಾಗ ಅವುಗಳ ಜೊತೆಗೆ ಇನ್ನೂ ಕೆಲವು ಗಂಟುಗಳು ಬೀಳುತ್ತವೆ.

ಬೆಂಗಳೂರು ಇಲ್ಲಿಂದ ನಲವತ್ತು ಕಿಲೋಮೀಟರು. ಅತ್ತಿಬೆಲೆ ದಾಟಿದರೆ ಬೊಮ್ಮಸಂದ್ರದ ದೊಡ್ಡ ಆಸ್ಪತ್ರೆಗಳು. ಇಲ್ಲಿ ಎರಡು ವರ್ಷ ಕೈ ಪಳಗಿದ ಟೆಕ್ನಿಷಿಯನ್ ಅಲ್ಲಿಗೆ ಹೋಗುತ್ತಾರೆ. ಅಲ್ಲಿಂದ ಕೊಲ್ಲಿ ದೇಶಕ್ಕೆ ಹೋಗುವವರೂ ಇದ್ದಾರೆ. ಇನ್ನೊಂದು ಸೆಳೆತ ಊರಿನ ಬಾಗಿಲಲ್ಲೇ ಇದೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಕಾಲದಿಂದ ಹೊಸೂರು ಕಾರ್ಖಾನೆಯ ಊರು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್, ಈಗ ಸಾವಿರಾರು ಯುವತಿಯರಿಗೆ ಕೆಲಸ ಕೊಟ್ಟ ಟಾಟಾ ಎಲೆಕ್ಟ್ರಾನಿಕ್ಸ್. ಪಿಯುಸಿ ಮುಗಿಸಿದ ಹುಡುಗಿಗೆ ಕಾರ್ಖಾನೆ ಬಸ್ಸು, ಊಟ, ಹಾಸ್ಟೆಲು, ತಪ್ಪದ ಸಂಬಳ ಕೊಡುವಾಗ, ಎರಡು ವರ್ಷ ಫೀ ಕಟ್ಟಿ ಓದಿ ಕಫದ ಡಬ್ಬಿ ಮುಟ್ಟುವ ಕೆಲಸಕ್ಕೆ ಅವಳನ್ನು ಯಾವ ಸಂಬಳ ಕರೆಯಬೇಕು? ಈ ಸೀಮೆಯಲ್ಲಿ ಲ್ಯಾಬಿನ ಸಂಬಳ ಪೈಪೋಟಿ ಮಾಡಬೇಕಾದ್ದು ಇನ್ನೊಂದು ಲ್ಯಾಬಿನ ಜೊತೆಗಲ್ಲ, ಕಾರ್ಖಾನೆಯ ಜೊತೆಗೆ.

ಭಾಷೆಯ ಗಂಟು ಇನ್ನೂ ಸೂಕ್ಷ್ಮ. ಹೊಸೂರು, ತಳಿ, ಡೆಂಕಣಿಕೋಟೆ ಸೀಮೆಯಲ್ಲಿ ಕನ್ನಡದ ಮನೆ, ತೆಲುಗಿನ ಮನೆ, ತಮಿಳಿನ ಮನೆ ಒಂದೇ ಬೀದಿಯಲ್ಲಿರುತ್ತವೆ. ಒಮ್ಮೆ ಲ್ಯಾಬೊಂದರ ಬೆಂಚಿನ ಮೇಲೆ ಸರತಿಯಲ್ಲಿ ಕೂತಿದ್ದಾಗ, ಸೂಜಿ ಹಿಡಿದ ಹುಡುಗಿ ಅಜ್ಜಿಯೊಬ್ಬರನ್ನು ಮೊದಲು ತಮಿಳಿನಲ್ಲಿ ಕೇಳಿದಳು. ಅಜ್ಜಿ ತಲೆ ಆಡಿಸಿದರು. ಹುಡುಗಿಗೆ ಸಮಾಧಾನವಾಗಲಿಲ್ಲ. ಕನ್ನಡಕ್ಕೆ ಹೊರಳಿ, ‘ಅಜ್ಜಿ, ಬೆಳಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ ತಾನೆ?’ ಎಂದಳು. ‘ಏನೂ ಇಲ್ಲವ್ವಾ, ಒಂದು ಲೋಟ ಕಾಫಿ, ಎರಡು ಬನ್ನು ಅಷ್ಟೇ.’ ಹುಡುಗಿ ಸೂಜಿ ಕೆಳಗಿಟ್ಟು, ನಾಳೆ ಬರುವಂತೆ ನಿಧಾನವಾಗಿ ತಿಳಿಸಿ ಹೇಳಿದಳು. ಯಾವ ಯಂತ್ರವೂ ಹಿಡಿಯಲಾರದ ತಪ್ಪನ್ನು ಆ ಒಂದು ಪ್ರಶ್ನೆ ಹಿಡಿಯಿತು. ಇಂಥ ಹುಡುಗಿಯರು ಈ ಮಣ್ಣಿನವರೇ ಆಗಿರಬೇಕು.

ಆದರೆ ಅವರು ಸರ್ಕಾರಿ ಕೆಲಸಕ್ಕೆ ಬರುವ ದಾರಿ ಕಿರಿದಾಗುತ್ತಿದೆ. 2021ರ ಡಿಸೆಂಬರ್‌ನ ಆದೇಶದಿಂದ ತಮಿಳುನಾಡಿನ ಸರ್ಕಾರಿ ನೇಮಕಾತಿಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯವಾಯಿತು, ಅದರಲ್ಲಿ ಶೇ. 40 ಅಂಕ ಬಾರದಿದ್ದರೆ ಉಳಿದ ಉತ್ತರಗಳನ್ನು ನೋಡುವುದಿಲ್ಲ. ರಾಜ್ಯದ ನೌಕರರಿಗೆ ರಾಜ್ಯದ ಭಾಷೆ ಬರಬೇಕೆಂಬುದು ನ್ಯಾಯವೇ. ಕನ್ನಡ ಮಾಧ್ಯಮದಲ್ಲಿ ಓದಿದ ಗಡಿಯ ಮಕ್ಕಳಿಗೆ ಅದು ಹೆಚ್ಚಿನ ಒಂದು ಬೆಟ್ಟ ಎಂಬುದೂ ಅಷ್ಟೇ ನಿಜ. ಹತ್ತಿರವೆಂದು ಆನೇಕಲ್, ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡಿದವರಿಗೆ ತಮಿಳುನಾಡಿನಲ್ಲಿ ಅದರ ಮಾನ್ಯತೆಯ ಪ್ರಶ್ನೆ, ಕರ್ನಾಟಕದಲ್ಲಿ ಸ್ಥಳೀಯರಲ್ಲ ಎಂಬ ಪ್ರಶ್ನೆ. 2021ರ ಕಾಯ್ದೆಯ ರಾಷ್ಟ್ರೀಯ ನೋಂದಣಿ ಪೂರ್ತಿ ಜಾರಿಗೆ ಬಂದರೆ ಹೆಚ್ಚು ಉಪಕಾರವಾಗುವುದು ಇಂಥ ಗಡಿಜನಕ್ಕೇ ಇರಬಹುದು.

ಹುದ್ದೆ ಎಣಿಸುವುದೋ, ಕೆಲಸ ಎಣಿಸುವುದೋ

ಎಲ್ಲ ವಾದಗಳನ್ನೂ ಓದಿದ ಮೇಲೆ ನನಗೆ ಕಾಣುವ ದೊಡ್ಡ ಲೋಪ ಒಂದು. ಎಲ್ಲರೂ ಹುದ್ದೆ ಎಣಿಸುತ್ತಾರೆ, ಕೆಲಸ ಎಣಿಸುವುದಿಲ್ಲ. ನಮ್ಮಲ್ಲಿ ಕೆಲಸ ಎಣಿಸಿದ ಗಟ್ಟಿ ಉದಾಹರಣೆ ಕ್ಷಯ ಕಾರ್ಯಕ್ರಮದ್ದು. ಕಫದ ಒಂದು ಸ್ಲೈಡಿನಲ್ಲಿ ರೋಗಾಣು ಇಲ್ಲ ಎನ್ನಬೇಕಾದರೆ ನೂರು ನೋಟಗಳನ್ನಾದರೂ ನೋಡಬೇಕು. ಹಾಗೆ ನೋಡಿದರೆ ದಿನಕ್ಕೆ 20ರಿಂದ 25 ಸ್ಲೈಡು ದಾಟಿದ ಮೇಲೆ ಕಣ್ಣು ಸೋಲುತ್ತದೆ ಎಂದು ತಿಳಿದವರು ಮಿತಿ ಹಾಕಿದರು. ಕಣ್ಣಿಗೆ ದಣಿವಿದೆ ಎಂದು ಸರ್ಕಾರಿ ಕೈಪಿಡಿ ಒಪ್ಪಿಕೊಂಡ ಅಪರೂಪದ ಜಾಗ ಅದು.

ಅಮೆರಿಕ ಇದನ್ನು ಕಲಿತದ್ದು ಹೆಂಗಸರ ಪ್ರಾಣ ತೆತ್ತು. 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ವಾಲ್ಟ್ ಬಾಗ್ಡಾನಿಚ್ ಅಲ್ಲಿನ ಲ್ಯಾಬುಗಳ ಒಳಗುಟ್ಟು ಬರೆದರು. ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪ್ಯಾಪ್ ಸ್ಲೈಡುಗಳನ್ನು ನೋಡುವವರಿಗೆ ಸ್ಲೈಡಿಗಿಷ್ಟು ಎಂದು ಕೂಲಿ. ಹೆಚ್ಚು ನೋಡಿದಷ್ಟು ಹೆಚ್ಚು ಹಣ. ಓಡುವ ಕಣ್ಣಿಗೆ ಕ್ಯಾನ್ಸರ್ ತಪ್ಪಿಹೋಗುತ್ತಿತ್ತು. ಆ ವರದಿಗೆ ಪುಲಿಟ್ಜರ್ ಬಂತು. 1988ರಲ್ಲಿ ಲ್ಯಾಬುಗಳ ಗುಣಮಟ್ಟದ ಹೊಸ ಕಾಯ್ದೆಯೂ ಬಂತು, ಅದರಡಿ ಒಬ್ಬರು ದಿನಕ್ಕೆ ನೂರಕ್ಕಿಂತ ಹೆಚ್ಚು ಸ್ಲೈಡು ನೋಡುವಂತಿಲ್ಲ ಎಂಬ ಮಿತಿಯೂ ಬಂತು. ಸಂಬಳದ ಪ್ರಶ್ನೆ ಬರೀ ನೌಕರರ ಪ್ರಶ್ನೆಯೆಂದು ತಿಳಿದವರು ಆ ಕಥೆಯನ್ನು ನೋಡಬೇಕು. ಕೂಲಿ ಕೊಡುವ ರೀತಿಯೇ ಅಲ್ಲಿ ರೋಗನಿದಾನವನ್ನು ಕೆಡಿಸಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಬಳಿ ಕೆಲಸದ ಹೊರೆಯಿಂದ ಸಿಬ್ಬಂದಿ ಸಂಖ್ಯೆ ಕಂಡುಕೊಳ್ಳುವ ಒಂದು ವಿಧಾನ 1998ರಿಂದಲೇ ಇದೆ. ಒಂದೊಂದು ಪರೀಕ್ಷೆಗೆ ಎಷ್ಟು ನಿಮಿಷ, ರಿಜಿಸ್ಟರು ಬರೆಯಲು, ಪೋರ್ಟಲಿಗೆ ಏರಿಸಲು, ಯಂತ್ರ ತೊಳೆಯಲು ಎಷ್ಟು ನಿಮಿಷ, ರಜೆ ಕಳೆದು ವರ್ಷಕ್ಕೆ ಎಷ್ಟು ದಿನ ಎಂದು ಕೂಡಿಸಿ ಜನರ ಸಂಖ್ಯೆ ಹೇಳುವುದು. ಹೊಸೂರು ತಾಲ್ಲೂಕಿನ ಪ್ರತಿ ಲ್ಯಾಬಿನ ರಿಜಿಸ್ಟರಿನಲ್ಲಿ ಈ ಲೆಕ್ಕಕ್ಕೆ ಬೇಕಾದ ಅಂಕಿಗಳು ಆಗಲೇ ಇವೆ. ಮಲೇರಿಯಾ ಕಾಲದ ಒಬ್ಬರನ್ನು ಅರವತ್ತಮೂರು ಪರೀಕ್ಷೆಯ ಕಾಲಕ್ಕೂ ಸಾಕೆಂದು ಹೇಳುವ ಮೊದಲು ಆ ರಿಜಿಸ್ಟರುಗಳನ್ನು ಕೂಡಿಸಿ ನೋಡಬೇಕು.

ತೀರದೆ ಉಳಿದವು

ಜಗತ್ತಿನ ಶೇ. 47ರಷ್ಟು ಜನಕ್ಕೆ ಸರಿಯಾದ ಪರೀಕ್ಷಾ ಸೌಲಭ್ಯ ಇಲ್ಲ ಎಂದು 2021ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿತು. ಅವರಲ್ಲಿ ಎಷ್ಟು ಜನಕ್ಕೆ ಯಂತ್ರ ಇಲ್ಲದೆ ಪರೀಕ್ಷೆ ಇಲ್ಲ, ಎಷ್ಟು ಜನಕ್ಕೆ ಯಂತ್ರವಿದ್ದೂ ಮನುಷ್ಯರಿಲ್ಲದೆ ಇಲ್ಲ ಎಂಬುದು ಬಿಡಿಸಬೇಕಾದ ಪ್ರಶ್ನೆ. ಜಗ್ಗೋ ತೀರ್ಪಿನ ಬಲ ಯೋಜನೆಯ ಹಣದಿಂದ ನಡೆಯುವ ಗುತ್ತಿಗೆ ಹುದ್ದೆಗಳವರೆಗೆ ಚಾಚುತ್ತದೆಯೇ, ಮಂಜೂರಾದ ಹುದ್ದೆಗಳಿಗಷ್ಟೇ ನಿಲ್ಲುತ್ತದೆಯೇ ಎಂಬುದು ಒಂದೊಂದು ಹೈಕೋರ್ಟಿನಲ್ಲಿ ಒಂದೊಂದು ಮೊಕದ್ದಮೆಯಾಗಿ ತೀರಬೇಕಿದೆ. ಒಂದು ವರ್ಷದ ಸರ್ಟಿಫಿಕೇಟಿನ ಮೇಲೆ ಇಪ್ಪತ್ತು ವರ್ಷ ದುಡಿದವರನ್ನು ಹೊಸ ನೋಂದಣಿ ಪುಸ್ತಕ ಯಾವ ಸಾಲಿನಲ್ಲಿ ಬರೆಯುತ್ತದೆ ಎಂಬುದೂ ಹಾಗೆಯೇ. ಕೇಂದ್ರ ಲ್ಯಾಬು ಬಂದ ಮೇಲೆ ಹಳ್ಳಿಯ ತುದಿಯಲ್ಲಿ ಉಳಿಯುವವರು ಟೆಕ್ನಿಷಿಯನ್ನರೋ, ರಕ್ತ ತೆಗೆಯುವವರೋ? ವರದಿಗೆ ಸಹಿ ವೈದ್ಯರದಾದರೆ, ತಪ್ಪಾದಾಗ ಹೊಣೆ ಯಾರದು, ಆ ಹೊಣೆಗೆ ಬೆಲೆ ಎಷ್ಟು?

ಸಾನಮಾವಿನ ಕಡೆಯವರದು ಇನ್ನೂ ಸಣ್ಣ ಪ್ರಶ್ನೆ. ಆನೆಗಳು ಕಾಡು ಬಿಟ್ಟು ಹೋಗುವವರೆಗೆ, ಬಿಸಿಲೇರಿದ ಮೇಲೆ ಬಂದು ರಕ್ತ ಕೊಡಲು ಮಧ್ಯಾಹ್ನದ ತನಕವಾದರೂ ಲ್ಯಾಬಿನಲ್ಲಿ ಯಾರಾದರೂ ಇರುತ್ತಾರೆಯೇ ಎಂದು ಅವರು ಕೇಳುತ್ತಾರೆ. ಹಾಗಿರಲು ಆ ಕೇಂದ್ರಕ್ಕೆ ಇನ್ನೊಬ್ಬರು ಬೇಕು.